ಬಾಕಿ ಉಳಿದ ನಮಸ್ಕಾರ

"ಕೈ ಎದೀ ಮ್ಯಾಲೆ ಇರ್ಲಿ ಸರ್," ಎಂದಳು ಸೌಮ್ಯಾ.

ಕುರ್ಚಿಯ ಹಿಡಿಕೆಯತ್ತ ಮೆಲ್ಲಗೆ ಜಾರುತ್ತಿದ್ದ ಶಾಂತಯ್ಯ ಮಾಸ್ತರರ ಬಲಗೈ ಸುಮ್ಮನೆ ವಾಪಸು ಬಂತು. ಆಟದ ಮಾಸ್ತರಾಗಿ ಮಕ್ಕಳ ಇಂಥ ಕಿತಾಪತಿಗಳನ್ನು ಜೀವಮಾನವಿಡೀ ಹಿಡಿದವರು ಈಗ ತಾವೇ ಸಿಕ್ಕಿಬಿದ್ದಿದ್ದರು. ಹಿಡಿದವಳೂ ಅವರ ಖೊಖೊ ತಂಡದಲ್ಲಿ ಓಡಿ ಬೆಳೆದ ಹುಡುಗಿಯೇ. ಈಗ ವಿದ್ಯಾನಗರದ ಈ ಆಸ್ಪತ್ರೆಯಲ್ಲಿ ಕೀಲುನೋವಿನವರಿಗೆ ವ್ಯಾಯಾಮ ಮಾಡಿಸುವ ಡಾಕ್ಟರು.

ಮಾಸ್ತರರು ನಿವೃತ್ತರಾದ ಮೇಲೂ ಬೆಳಗಾದರೆ ಮೈದಾನದಲ್ಲೇ ಇರುತ್ತಿದ್ದರು. ಆಪರೇಷನ್ನಿನಲ್ಲಿ ಮೊಣಕಾಲಿನ ಕೀಲು ಬದಲಿಸಿಕೊಂಡು ಒಂದು ಮಳೆಗಾಲ ಮನೆಯಲ್ಲಿ ಕೂತದ್ದೇ ಅವರಿಗೆ ಸೆರೆಮನೆಯಾಗಿತ್ತು. ಸೌಮ್ಯಾ ಹೂಂ ಅನ್ನದೆ ಮತ್ತೆ ಮೈದಾನದಲ್ಲಿ ಖೊಖೊ ಹುಡುಗಿಯರ ಜೊತೆ ಓಡಾಡುವಂತಿರಲಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವ ಕಾಲಿನ ಕಸುವಿನ ಪರೀಕ್ಷೆ ಹೇಗೋ ದಾಟಿತು. ಒಂಟಿಕಾಲಲ್ಲಿ ನಿಲ್ಲುವುದೂ ಆಯಿತು. ಉಳಿದದ್ದು ದಮ್ಮಿನ ಪರೀಕ್ಷೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಆರು ನಿಮಿಷ ಆ ತುದಿಯಿಂದ ಈ ತುದಿಗೆ ನಡೆದು ಎಷ್ಟು ದೂರ ಹೋಗುತ್ತಾರೆ ಎಂದು ನೋಡುವುದು. ಇಷ್ಟೇನಾ ಎಂದು ಮಾಸ್ತರರಿಗೆ ನಗು ಬಂತು.

ಮೊದಲ ತಿರುವಿನಲ್ಲೇ ಹತ್ತಿ ವ್ಯಾಪಾರದ ರಾಜಶೇಖರ ಎದ್ದು ನಮಸ್ಕಾರ್ರಿ ಸರ್ ಅಂದ. ಪ್ರತಿ ಸೋಮವಾರ ತಾಯಿಯನ್ನು ಕರೆತರುತ್ತಿದ್ದ ಹಳೆಯ ಶಿಷ್ಯ. ನಮಸ್ಕಾರ ಅಂದವನನ್ನು ದಾಟಿ ಹೋಗುವುದು ಹೇಗೆ? ನಿಂತರು, ತಾಯಿಯ ಕಾಲು ವಿಚಾರಿಸಿದರು, ಹತ್ತಿಯ ಧಾರಣೆಯನ್ನೂ ಕೇಳಿದರು. ನಾಲ್ಕು ಹೆಜ್ಜೆ ಮುಂದೆ ಕ್ಯಾಂಟೀನಿನ ಶಾಕೀರ ಚಹಾದ ಕಿಟ್ಲಿ ಹಿಡಿದು ಎದುರಾದ. ಅವನೂ ಶಿಷ್ಯನೇ. ಆಮೇಲೆ ಒಬ್ಬಳು ನರ್ಸ್. ಹೊತ್ತು ಮುಗಿದಾಗ ಮಾಸ್ತರರು ನಡೆಯಬೇಕಾದ ದೂರದ ಅರ್ಧವನ್ನೂ ನಡೆದಿರಲಿಲ್ಲ.

ದಮ್ಮಿಗೇನೂ ಆಗಿಲ್ಲ, ಮಂದಿ ಮಾತಾಡಿಸಿದರು ಎಂದು ವಾದ ಹೂಡಿದರು. ಸೌಮ್ಯಾ ಜಗ್ಗಲಿಲ್ಲ.

"ಗಡಿಯಾರಕ್ಕ ಬಳಗ ಇರೂದಿಲ್ಲಂತ ನೀವ ಹೇಳ್ತಿದ್ರಿ ಸರ್. ಮುಂದಿನ ಸೋಮವಾರ ಬರ್ರಿ."

ಮನೆಯಲ್ಲಿ ರೊಟ್ಟಿಯ ತಾಟು ಸರಿಸಿ ಕೂತರು. "ಮಂದಿ ಕೈಮುಗದ್ರ ಕಾಣದವ್ರಂಗ ಹೆಂಗ ಹೋಗ್ಲಿ? ಅದರಕಿಂತ ಮೈದಾನಾನ ಬಿಡ್ತೇನಿ," ಎಂದರು ಹೆಂಡತಿಗೆ. ಈರವ್ವ ತಾಟನ್ನು ಮತ್ತೆ ಅವರ ಮುಂದಕ್ಕೆ ಸರಿಸಿದಳು. ಇದೇ ಮನುಷ್ಯ ದಿನಾ ಬೆಳಿಗ್ಗೆ ಮೊಳೆಗೆ ತೂಗುಹಾಕಿದ ಸೀಟಿಯನ್ನು ಒರೆಸಿ ಮತ್ತೆ ಅಲ್ಲೇ ಹಾಕುವುದನ್ನು ಅವಳು ಕಂಡಿದ್ದಳು.

ಸೋಮವಾರ ಅವಳು ತರಕಾರಿಯ ನೆವ ಹೇಳಿ ಮೊದಲೇ ಮನೆ ಬಿಟ್ಟಳು. ಮಾಸ್ತರರು ಒಬ್ಬರೇ ಆಟೋ ಹಿಡಿದು ಬಂದರು. ಪರೀಕ್ಷೆ ಶುರುವಾದೊಡನೆ, ಯಾರ ಮುಖವೂ ಕಾಣದಿರಲಿ ಎಂದು ತಲೆ ತಗ್ಗಿಸಿಯೇ ನಡೆಯತೊಡಗಿದರು. ಅರ್ಧ ದಾರಿಗೆ ಏನೋ ವಿಚಿತ್ರ ಅನಿಸಿತು. ಸಂತೆಯಂತಿರುವ ಕಾರಿಡಾರಿನಲ್ಲಿ ತಮ್ಮ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತಲೆ ಎತ್ತಿದರು. ರಾಜಶೇಖರ ಗೋಡೆಗೆ ಅಂಟಿಕೊಂಡು, ತುಟಿ ಬಿಗಿದು, ಕೈಮುಗಿದು ನಿಂತಿದ್ದ. ಶಾಕೀರ ಕಿಟ್ಲಿ ಕೆಳಗಿಟ್ಟು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ. ನರ್ಸ್ ಬಾಗಿಲಲ್ಲೇ ತಲೆ ಬಾಗಿಸಿದಳು. ಕೊನೆಯ ಬೆಂಚಿನ ಮೇಲೆ ಈರವ್ವ, ಮಡಿಲಲ್ಲಿ ತರಕಾರಿಯಿಲ್ಲದ ಖಾಲಿ ಕೈಚೀಲ, ತುಟಿಯ ಮೇಲೆ ಬೆರಳು.

ಇಷ್ಟು ಮಂದಿ ತಮಗಾಗಿ ಮಾತು ತಡೆದುಕೊಂಡು ನಿಂತಿದ್ದಾರಲ್ಲ ಎಂದು ಮಾಸ್ತರರ ಕಣ್ಣು ತುಂಬಿ ದಾರಿ ಮಂಜಾಯಿತು. ಆದರೂ ಕಾಲು ನಿಲ್ಲಲಿಲ್ಲ. ತಿರುಗಿದರು, ನಡೆದರು, ಮತ್ತೆ ತಿರುಗಿದರು.

"ಸಾಕ್ರಿ ಸರ್," ಎಂದಳು ಸೌಮ್ಯಾ. ದೂರವನ್ನು ಎರಡು ಸಲ ಲೆಕ್ಕಹಾಕಿ ನಕ್ಕಳು. "ನಾಳಿಂದ ಮೈದಾನಕ್ಕ ಹೋಗ್ರಿ."

ಯಾರೋ ಕುರ್ಚಿ ತಂದಿಟ್ಟರು. ಬೆವರು ಒರೆಸಿಕೊಂಡ ಮಾಸ್ತರರು ಅದರಲ್ಲಿ ಕೂರಲಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ರಾಜಶೇಖರನ ಮುಂದೆ ನಿಂತು ಎರಡೂ ಕೈ ಜೋಡಿಸಿದರು.

"ನಮಸ್ಕಾರಪಾ ರಾಜಶೇಖರ. ಅವ್ವ ಹೆಂಗದಾರ?"

ಆಚೆ ಶಾಕೀರ ತನ್ನ ಸರದಿಗೆ ಕಾಯುತ್ತ ನಿಂತ. ಈರವ್ವ ಕೈಚೀಲವನ್ನು ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಕಾಲು ಮಡಚಿ ಆರಾಮಾಗಿ ಕೂತುಕೊಂಡಳು.