ಜಾಹೀರಾತಿನ ನಡುಭಾಗ

ಮೊದಲ ಮೂರು ಸೆಕೆಂಡು ನೋಡಿದವನೇ ಭಾರ್ಗವ "ಆಹಾ" ಎಂದುಬಿಟ್ಟ. ಅವನ ಬಾಯಿಂದ ಹಾಗೆ ಬರುವುದು ಅಪರೂಪ. ಪಕ್ಕದ ಮೇಜಿನ ಮಹೇಶ ಹೆಡ್‌ಫೋನ್ ಇಳಿಸಿ ತಿರುಗಿದ.

"ಏನ್ ಸಾರ್, ಯಾರಾದ್ರೂ ಸಿಕ್ಕಾಕೊಂಡ್ರಾ?"

"ಇಲ್ಲ ಕಣಯ್ಯ. ಇಲ್ನೋಡು. ಬಾಯಿ ತೆಗೆದ ತಕ್ಷಣ 'ಇದು ಜಾಹೀರಾತು, ನನಗೆ ಕಮಿಷನ್ ಬರತ್ತೆ' ಅಂತ ಹೇಳ್ತಿದಾಳೆ. ಅದೂ ನಗ್ತಾ."

"ಕಮಿಷನ್ ಬರತ್ತಲ್ಲ, ನಗದೆ ಇನ್ನೇನ್ ಮಾಡ್ತಾಳೆ" ಎಂದು ಮಹೇಶ ಮತ್ತೆ ಕಿವಿ ಮುಚ್ಚಿಕೊಂಡ.

ಬಿಟಿಎಂ ಲೇಔಟಿನ ಎರಡನೇ ಹಂತದಲ್ಲಿ, ಕೆಳಗೆ ದರ್ಶಿನಿ, ಮೇಲೆ ಹುಡುಗರ ಪಿ.ಜಿ., ನಡುವಿನ ಮಹಡಿಯಲ್ಲಿ ಭಾರ್ಗವನ ಕಚೇರಿ. ತಿಂಗಳ ಚಂದಾ ಕಟ್ಟಿಸಿಕೊಳ್ಳುವ ಆ್ಯಪ್‌ಗಳು ಈಗ ನಾಯಿಕೊಡೆಯಂತೆ ಎದ್ದಿವೆ. ಅವಕ್ಕೆ ಗಿರಾಕಿ ಹಿಡಿದುಕೊಡುವ ವೀಡಿಯೊದವರೂ ಅಷ್ಟೇ. ವೀಡಿಯೊದ ಕೆಳಗಿನ ಲಿಂಕ್ ಒತ್ತಿ ಯಾರಾದರೂ ಸೇರಿದರೆ ಇವರಿಗೆ ಕಮಿಷನ್. ಇಂಥ ಜಾಹೀರಾತು ಜನರ ಫೋನು ತಲುಪುವ ಮುಂಚೆ ನಿಯಮದ ಪ್ರಕಾರ ಇದೆಯೋ ಇಲ್ಲವೋ ನೋಡಿ ಒಪ್ಪಿಗೆ ಕೊಡುವುದು ಭಾರ್ಗವನ ಕೆಲಸ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಈ ಕೆಲಸವೇ ಎಂದು ಮೊದಮೊದಲು ಅವನಿಗೇ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಸತ್ಯದ ಬಗ್ಗೆ ದಪ್ಪ ದಪ್ಪ ಪುಸ್ತಕ ಓದುವಾಗ ಸಿಗದ ನೆಮ್ಮದಿ ಈ ನಿಯಮಗಳಲ್ಲಿ ಸಿಕ್ಕಿತ್ತು.

ನಿಯಮಗಳಾದರೂ ಎಂಥವು! ಹೇಳುವವನಿಗೂ ಮಾರುವವನಿಗೂ ಸಂಬಂಧವಿದ್ದರೆ ಮೊದಲೇ ಒಪ್ಪಿಕೊಳ್ಳಬೇಕು. ಉಚಿತ ಎಂದರೆ ಎಷ್ಟು ದಿನ ಉಚಿತ, ಆಮೇಲೆ ತಾನಾಗಿಯೇ ದುಡ್ಡು ಕಡಿತವಾಗುತ್ತದೆಯೆ, ಎಷ್ಟು ಎಂಬುದೆಲ್ಲ ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಬೇಕು. ಸೇರುವುದು ಎಷ್ಟು ಸುಲಭವೋ ಬಿಟ್ಟುಹೋಗುವುದೂ ಅಷ್ಟೇ ಸುಲಭವಾಗಿರಬೇಕು. ಈ ಕೊನೆಯ ವಾಕ್ಯವನ್ನು ಕಚೇರಿಯ ಕನ್ನಡ ನಿಯಮಾವಳಿಗೆ ಬರೆದವನು ಭಾರ್ಗವನೇ. ಮನುಷ್ಯರು ಒಬ್ಬರಿಗೊಬ್ಬರು ಎಲ್ಲವನ್ನೂ ಹೀಗೇ ಹೇಳಿಬಿಟ್ಟಿದ್ದರೆ ಲೋಕದಲ್ಲಿ ಅರ್ಧ ಗೋಳು ಇರುತ್ತಿರಲಿಲ್ಲ ಎಂದು ಅವನಿಗೆ ಅನಿಸುತ್ತಿತ್ತು.

ಮೋಸಗಾರ ಅಡಗುವುದು ಎರಡೇ ಕಡೆ: ಶುರುವಿನಲ್ಲಿ, ಇಲ್ಲವೇ ಕೊನೆಯಲ್ಲಿ. ಇದು ಭಾರ್ಗವನ ಸಿದ್ಧಾಂತ. ಆದ್ದರಿಂದ ಮೊದಲ ಮೂರು ಸೆಕೆಂಡನ್ನೂ ಬೆಲೆ ತೋರಿಸುವ ಕೊನೆಯ ಪರದೆಯನ್ನೂ ಅವನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ. ನಡುವೆ ಇರುವುದು ಹಾಡು, ಕುಣಿತ, ಹೊಗಳಿಕೆ. ಅದನ್ನು ಬೆರಳಲ್ಲಿ ಸರ್ರನೆ ಓಡಿಸಿಬಿಡುತ್ತಿದ್ದ. ಇಡೀ ಕಚೇರಿಯಲ್ಲಿ ಅವನಷ್ಟು ಚುರುಕಾಗಿ ಕೆಲಸ ಮುಗಿಸುವವರು ಇನ್ನೊಬ್ಬರಿರಲಿಲ್ಲ.

ಇವತ್ತಿನ ಜಾಹೀರಾತು 'ಕೇಳುಗ' ಎಂಬ ಆ್ಯಪಿನದು. ಚಂದಾ ಕಟ್ಟಿದರೆ ದಿನಾ ಸಂಜೆ ಅರ್ಧ ಗಂಟೆ ಒಬ್ಬರು ಫೋನಿನಲ್ಲಿ ನಿಮ್ಮ ಮಾತು ಕೇಳುತ್ತಾರೆ. ಬುದ್ಧಿ ಹೇಳುವುದಿಲ್ಲ, ಅಡ್ಡ ಬರುವುದಿಲ್ಲ, ಸುಮ್ಮನೆ ಕೇಳುತ್ತಾರೆ. ವೀಡಿಯೊ ಮಾಡಿದವಳು ಜೆ.ಪಿ. ನಗರದ ಲಿಖಿತಾ. ಮೊದಲ ವಾರ ಉಚಿತ, ಆಮೇಲೆ ತಿಂಗಳು ತಿಂಗಳು ಕಡಿತ, ಬೇಡವಾದರೆ ಮುಖಪುಟದಲ್ಲೇ ಇರುವ 'ಸಾಕು' ಎಂಬ ಗುಂಡಿ ಒತ್ತಿದರಾಯಿತು, ಆ ಕಡೆ ಕೂತವರು ಮನುಷ್ಯರೇ, ಯಂತ್ರವಲ್ಲ. ಎಲ್ಲವೂ ಕೊನೆಯ ಪರದೆಯಲ್ಲಿ ಎಷ್ಟು ಲಕ್ಷಣವಾಗಿತ್ತೆಂದರೆ ಭಾರ್ಗವ ಅದನ್ನು ಎರಡು ಸಲ ಓದಿ ಸಂತೋಷಪಟ್ಟ. ಇಂಥದಕ್ಕೂ ಚಂದಾ ಕಟ್ಟುವ ಪಾಪದವರು ಇದ್ದಾರಲ್ಲ ಎಂದೂ ಅಂದುಕೊಂಡ. ಒಪ್ಪಿಗೆ ಒತ್ತಿ, ಇಳಿದು ಹೋಗಿ ಚೌಚೌ ಬಾತ್ ತಿಂದು ಬಂದ.

ಊಟದ ಹೊತ್ತು ಕಳೆದ ಮೇಲೆ ಮಹೇಶ ಕುರ್ಚಿ ಜಾರಿಸಿಕೊಂಡು ಹತ್ತಿರ ಬಂದ.

"ಸಾರ್, ಆ 'ಕೇಳುಗ' ಓಕೆ ಮಾಡ್ಬಿಟ್ರಾ? ಮಧ್ಯದಲ್ಲಿ ಒಬ್ರು ಮೇಡಂ ಮಾತಾಡ್ತಾರೆ. ಬಳಸ್ತಿರೋರ ಅನುಭವ ಅಂತೆ. ಫೋನ್ ಮಾಡಿ ನಿಜಾನಾ ಅಂತ ಕೇಳ್ಬೇಕಲ್ವಾ?"

"ಕೇಳ್ಬೇಕು." ಆ ನಿಯಮವನ್ನೂ ಬರೆದವನು ಭಾರ್ಗವನೇ.

"ಸಖತ್ತಾಗ್ ಮಾತಾಡ್ತಾರೆ ಸಾರ್. ಸುಳ್ಳು ಹೇಳಲ್ಲ, ನನ್ ಕಣ್ಣಲ್ಲೇ ನೀರು ಬಂತು. ಜಾಹೀರಾತು ಸಂಜೆ ಬಿಡ್ಬೇಕಂತೆ. ನಾನೇ ಫೋನ್ ಮಾಡ್ಲಾ?"

"ತೋರ್ಸು" ಎಂದ ಭಾರ್ಗವ.

ಮಹೇಶ ನಡುಭಾಗವನ್ನು ತಂದು ನಿಲ್ಲಿಸಿದ. ಪರದೆಯ ಮೇಲೆ ಬಂದವಳು ಭಾರ್ಗವನ ಹೆಂಡತಿ.

ಮಹೇಶನಿಗೆ ಅದು ಗೊತ್ತಾಗುವಂತಿರಲಿಲ್ಲ. ಶುಭಾಳನ್ನು ಭಾರ್ಗವ ಕಚೇರಿಯ ಯಾವ ಸಮಾರಂಭಕ್ಕೂ ಕರೆದುಕೊಂಡು ಬಂದವನಲ್ಲ. ಕರೆಯಬಾರದೆಂದೇನಲ್ಲ, ಕರೆಯಬೇಕು ಅನಿಸಿರಲಿಲ್ಲ ಅಷ್ಟೆ.

"ನಮಸ್ಕಾರ. ನಾನು ಶುಭಾ, ಜಯನಗರ ಏಳನೇ ಬ್ಲಾಕು. ನಮ್ಮನೇಲಿ ಜಗಳ ಗಿಗಳ ಏನಿಲ್ಲ. ನಮ್ಮನೆಯವರು ಒಳ್ಳೆಯವರು. ಅದನ್ನ ಮೊದಲೇ ಹೇಳ್ಬಿಡ್ತೀನಿ, ಇಲ್ದಿದ್ರೆ ನೀವು ಬೇರೇನೋ ಅಂದ್ಕೋತೀರ."

ಅವಳು ಹಸಿರು ಸೀರೆ ಉಟ್ಟಿದ್ದಳು. ಆ ಸೀರೆ ಅವನು ನೋಡಿದ್ದೋ ಅಲ್ಲವೋ ನೆನಪಾಗಲಿಲ್ಲ.

"ಹೋದ ವರ್ಷ ನನ್ನ ಗಂಟಲು ಕಟ್ಟೋಕೆ ಶುರುವಾಯ್ತು. ನಾಲ್ಕನೇ ಬ್ಲಾಕಲ್ಲಿ ಡಾಕ್ಟರ್ ಹತ್ರ ಹೋದೆ. ಅವರು ನೋಡಿ, ಗಂಟಲಿಗೇನೂ ಆಗಿಲ್ಲಮ್ಮ, ಮನೇಲಿ ಮಾತಾಡ್ತೀರಾ ಅಂತ ಕೇಳಿದ್ರು. ಯೋಚನೆ ಮಾಡಿದೆ. ಮಾತಾಡ್ತೀನಿ. ಉಪ್ಪು ಸರಿ ಇದ್ಯಾ ಅಂತೀನಿ, ಗ್ಯಾಸ್ ಬುಕ್ ಮಾಡಿದ್ರಾ ಅಂತೀನಿ. ಆದ್ರೆ ಒಂದು ಮಾತು ಶುರು ಮಾಡಿ ಅದನ್ನ ಪೂರ್ತಿ ಮುಗಿಸಿದ್ದು ಯಾವಾಗ ಅಂತ ನೆನಪಿಗೇ ಬರಲಿಲ್ಲ. ನಮ್ಮನೆಯವರು ಮೊದಲನೇ ಮಾತು ಕೇಳ್ತಾರೆ, ಕೊನೇ ಮಾತು ಕೇಳ್ತಾರೆ. ಮಧ್ಯದ್ದು ಹಾಗೇ ಓಡಿಸಿಬಿಡ್ತಾರೆ. ಅದು ಅವರ ತಪ್ಪಲ್ಲ, ಕೆಲಸಾನೇ ಅಂಥದ್ದು. ಈಗ ನಾನು ಮಧ್ಯದ್ದನ್ನ ಹೇಳ್ಕೊಳ್ಳೋಕೆ ತಿಂಗಳು ತಿಂಗಳು ದುಡ್ಡು ಕೊಡ್ತೀನಿ. ಗಂಟಲು ಬಿಟ್ಟಿದೆ."

ಹೇಳಿ ಅವಳು ನಕ್ಕಳು. ಕಣ್ಣಿನ ಸುತ್ತ ಸಣ್ಣ ನೆರಿಗೆ ಬಿದ್ದು ಇಡೀ ಮುಖ ತೆರೆದುಕೊಂಡಂತಾಯಿತು.

ಮೊದಲು ಅವನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂಬ ಬೆರಗೊಂದೇ ಆಯಿತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾಳೆ, ಒಂದು ಮಾತು ಹೆಚ್ಚಿಲ್ಲ, ಕಮ್ಮಿಯಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ಹೆಂಗಸಿನ ಜೊತೆ ಒಂದು ಸಲ ಕೂತು ಮಾತಾಡಬೇಕಲ್ಲ ಎಂದು ಅನಿಸಿ, ಆಮೇಲೆ ಅವಳು ಯಾರು ಎಂಬುದು ಮತ್ತೆ ನೆನಪಾಯಿತು.

"ನಾನೇ ಮಾಡ್ತೀನಿ ಫೋನು" ಎಂದ.

ಪರಿಶೀಲಿಸುವವನಿಗೆ ಗೊತ್ತಿರುವವರ ಮಾತಾದರೆ ಕೆಲಸವನ್ನು ಇನ್ನೊಬ್ಬರಿಗೆ ವಹಿಸಬೇಕು. ಅದೂ ನಿಯಮವೇ. ಆದರೆ ವಹಿಸುವುದೆಂದರೆ ಮಹೇಶನಿಗೆ ವಹಿಸುವುದು. "ಮೇಡಂ, ನಿಮ್ಮನೆಯವರು ಮಧ್ಯದ ಮಾತು ಓಡಿಸೋದು ನಿಜಾನಾ" ಎಂದು ಮಹೇಶ ಕೇಳುವುದು. ಭಾರ್ಗವ ವಹಿಸಲಿಲ್ಲ.

ಇನ್ನೊಂದು ದಾರಿಯಿತ್ತು. ಏನಾದರೊಂದು ತಪ್ಪು ಸಿಕ್ಕರೆ ಜಾಹೀರಾತನ್ನು ವಾಪಸ್ ಕಳಿಸಬಹುದು. ನಡುಭಾಗ ಕತ್ತರಿಸಿ ತನ್ನಿ ಎನ್ನಬಹುದು. ಇಲ್ಲದಿದ್ದರೆ ಸಂಜೆಯ ಹೊತ್ತಿಗೆ ಅಕ್ಕಪಕ್ಕದ ಮನೆಯವರು, ತ್ಯಾಗರಾಜನಗರದ ಅಕ್ಕ, ಬಾಡಿಗೆ ಮನೆಯ ಮಾಲೀಕರು ಎಲ್ಲರೂ ಅವನ ಸಂಸಾರವನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾರೆ. ಅವನು ಮೊಸರಲ್ಲಿ ಕಲ್ಲು ಹುಡುಕತೊಡಗಿದ. ಅಕ್ಷರದ ಗಾತ್ರ ನೋಡಿದ. ಬಣ್ಣ ನೋಡಿದ. ಲಿಂಕ್ ಒತ್ತಿ, ಒಳಗೆ ಹೋಗಿ, 'ಸಾಕು' ಗುಂಡಿಯನ್ನೂ ಒತ್ತಿ ನೋಡಿದ. ಸುಸೂತ್ರವಾಗಿ ಹೊರಗೆ ಬಂದ.

ಕಲ್ಲು ಸಿಗಲಿಲ್ಲ. ಆ ಹುಡುಗಿ ಲಿಖಿತಾ ಅವನ ನಿಯಮಾವಳಿಯನ್ನು ಅಕ್ಷರಶಃ ಪಾಲಿಸಿದ್ದಳು. ಇಷ್ಟು ಪ್ರಾಮಾಣಿಕವಾದ ಜಾಹೀರಾತನ್ನು ಅವನು ಕಂಡಿರಲಿಲ್ಲ.

ಮಹೇಶ ಪಕ್ಕದಲ್ಲೇ ಇದ್ದ. ಭಾರ್ಗವ ಕಚೇರಿಯ ಫೋನೆತ್ತಿ, ಬಾಯಿಪಾಠವಿದ್ದ ನಂಬರನ್ನು ಪರದೆ ನೋಡಿ ನೋಡಿ ಒತ್ತಿದ.

"ನಮಸ್ಕಾರ. ಜಾಹೀರಾತು ಪರಿಶೀಲನೆಯಿಂದ ಮಾತಾಡ್ತಿರೋದು. ಈ ಕರೆ ರೆಕಾರ್ಡ್ ಆಗತ್ತೆ. ಶುಭಾ ಮೇಡಂ ಅಲ್ವಾ?"

ಆ ಕಡೆ ಕುಕ್ಕರ್ ಕೂಗಿತು. ಅವನದೇ ಮನೆಯ ಕುಕ್ಕರ್.

"ಹೌದು ಸಾರ್" ಎಂದಳು ಶುಭಾ. "ಹೇಳಿ."

"ವೀಡಿಯೊದಲ್ಲಿ ಹೇಳಿರೋದು ನಿಮ್ಮ ಸ್ವಂತ ಅನುಭವಾನಾ?"

"ಹೌದು ಸಾರ್."

"ಹೀಗೆ ಹೇಳಿ ಅಂತ ಯಾರಾದ್ರೂ ಬರೆದುಕೊಟ್ಟಿದ್ರಾ?"

"ಇಲ್ಲ ಸಾರ್. ಒಬ್ಬಳೇ ಇರ್ತೀನಲ್ಲ, ತಾನಾಗೇ ಬಂತು."

"ದುಡ್ಡು, ಉಡುಗೊರೆ..."

"ಲಿಖಿತಾ ಒಂದು ಕಾಫಿ ಕೊಡಿಸಿದ್ರು. ಪೂರ್ತಿ ಕುಡಿಯೋವರೆಗೂ ಎದುರಿಗೆ ಕೂತಿದ್ರು."

"ಡಾಕ್ಟರ್ ಹೇಳಿದ್ದು, ಗಂಟಲು... ಅದು ನಿಜಾನಾ ಮೇಡಂ?"

"ನಿಜ ಸಾರ್. ಅವತ್ತು ರಾತ್ರಿ ಊಟದ ಹೊತ್ತಲ್ಲಿ ನಮ್ಮನೆಯವರಿಗೂ ಹೇಳಿದ್ದೆ."

"ಅವರು ಏನಂದ್ರು?" ಇದು ಪ್ರಶ್ನೆಗಳ ಪಟ್ಟಿಯಲ್ಲಿ ಇರಲಿಲ್ಲ.

"ಹಾಗಾದ್ರೆ ಏನೂ ತೊಂದ್ರೆ ಇಲ್ವಲ್ಲ, ಒಳ್ಳೇದಾಯ್ತು, ಅಂದ್ರು."

ಮಹೇಶ ತಿರುಗಿ ನೋಡಿದ. ಭಾರ್ಗವ ಪರದೆಯ ಕಡೆಗೆ ವಾಲಿದ.

"ಇದು ಪರಿಶೀಲನೆಗೆ ನಮ್ಮಲ್ಲಿಗೆ ಬರತ್ತೆ ಅಂತ ತಮಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್. ನಿಮ್ಮಲ್ಲಿ ಮಧ್ಯದ್ದು ನೋಡಲ್ಲ ಅಂತಾನೂ ಗೊತ್ತಿತ್ತು."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಹಾಲಿನವನಿಗೆ ನಾಳೆ ಒಂದು ಪ್ಯಾಕೆಟ್ ಹೆಚ್ಚಿಗೆ ಹಾಕು ಎನ್ನುವಷ್ಟು ಸಹಜವಾಗಿ ಹೇಳಿದಳು.

"ಬೇಡ ಅನಿಸಿದ್ರೆ ಈಗ್ಲೂ ತೆಗೆಸಬಹುದು ಮೇಡಂ. ನಿಮ್ಮ ಹಕ್ಕು ಅದು."

"ನಿಮಗೇನನ್ಸತ್ತೆ ಸಾರ್? ತೆಗೀಬೇಕಾ?"

ಭಾರ್ಗವನ ಬಾಯಿಗೆ ಬಂದದ್ದು ಬೇರೆಯೇ ಒಂದು ಮಾತು. ರೆಕಾರ್ಡ್ ಆಗುತ್ತಿದೆ ಎಂಬುದು ನೆನಪಾಗಿ ಅದನ್ನು ನುಂಗಿಕೊಂಡ.

"ತುಂಬಾ ಚೆನ್ನಾಗಿ ಹೇಳಿದೀರಿ ಮೇಡಂ" ಎಂದ. ಅದು ಅವನ ಮನಸ್ಸಿನಿಂದಲೇ ಬಂದ ಮಾತು.

ಆ ಕಡೆ ಕುಕ್ಕರ್ ಇನ್ನೊಂದು ಸಲ ಕೂಗಿತು. ಆಮೇಲೆ, "ಥ್ಯಾಂಕ್ಸ್ ಸಾರ್. ಇರ್ಲಿ ಬಿಡಿ, ತೆಗೆಯೋದ್ ಬೇಡ" ಎಂದು ಅವಳೇ ಫೋನಿಟ್ಟಳು.

ಪರದೆಯ ಮೇಲೆ ಎರಡು ಪ್ರಶ್ನೆ ಉಳಿದಿದ್ದವು. ಈ ವ್ಯಕ್ತಿ ಪರಿಶೀಲಕರಿಗೆ ಪರಿಚಿತರೇ? 'ಇಲ್ಲ' ಎಂಬುದನ್ನು ಒತ್ತಿದ. ಇಷ್ಟು ವರ್ಷದ ಕೆಲಸದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಸುಳ್ಳೇ ಹೌದೋ ಎಂದು ಇನ್ನೊಂದು ಸಲ ಯೋಚಿಸಿದ, ಖಚಿತವಾಗಲಿಲ್ಲ. ಹೇಳಿಕೆ ನಿಜವೇ ಎಂಬುದರ ಎದುರು 'ನಿಜ' ಎಂದು ಒತ್ತಿದ. ಅಲ್ಲಿ ಯೋಚಿಸಬೇಕಾಗಿಯೇ ಬರಲಿಲ್ಲ.

"ಏನ್ ಸಾರ್, ಪಾಸಾ?" ಎಂದ ಮಹೇಶ.

"ಪಾಸು."

"ನಾನ್ ಹೇಳ್ಲಿಲ್ವಾ. ಆ ಗಂಡ ಯಾವನೋ, ಪುಣ್ಯ ಮಾಡಿದಾನೆ ಗುರು. ಅವನಿಗೇ ಗೊತ್ತಿಲ್ಲ ಅಷ್ಟೆ."

ಸಂಜೆ ಮನೆಗೆ ಹೊರಟಾಗ ಟ್ರಾಫಿಕ್ಕಿನಲ್ಲಿ ಸ್ಕೂಟರ್ ನಿಂತಲ್ಲೆಲ್ಲ ಅವನು ಫೋನ್ ತೆಗೆದು ನೋಡಿದ. ಜಾಹೀರಾತು ಹೊರಬಿದ್ದಿತ್ತು. ಯಾರು ಯಾರೋ ಹೆಂಗಸರು, ಗಂಡಸರೂ ಕೆಲವರು, ಕೆಳಗೆ ಬರೆಯುತ್ತಿದ್ದರು. ಅಕ್ಕ, ನಮ್ಮನೇಲೂ ಹೀಗೇ. ಮೇಡಂ, ಎಷ್ಟು ನಿಜ. ತನ್ನ ಹೆಂಡತಿಯನ್ನು ಊರೆಲ್ಲ ಮೆಚ್ಚುತ್ತಿರುವುದು ಕಂಡು ಅವನಿಗೆ ಹೆಮ್ಮೆಯೇ ಆಯಿತು. ಹಿಂದಿನಿಂದ ಆಟೋದವನು ಹಾರ್ನ್ ಮಾಡಿ, "ಅಣ್ಣಾ, ಮನೇಲ್ ಹೋಗ್ ನೋಡ್ಕೊಳಣ್ಣ" ಎಂದ.

ಒಳಗೆ ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ಮೊದಲ ಮಾತು ಸಿದ್ಧವಿತ್ತು. ಕೊನೆಯದೂ ಇತ್ತು.

ಮೂರನೇ ಮಹಡಿ ಹತ್ತಿ ಬಂದಾಗ ಕಾರಿಡಾರಿನ ದೀಪ ತಾನಾಗಿ ಹೊತ್ತಿಕೊಂಡಿತು. ಯಾರಾದರೂ ಅಲುಗಾಡಿದರೆ ಹೊತ್ತಿ, ಯಾರೂ ಇಲ್ಲವೆಂದಾದರೆ ಆರುವ ದೀಪ. ಅವನು ಬೆಲ್ಲಿಗೆ ಬೆರಳು ಚಾಚಿದವನು ಅಲ್ಲೇ ತಡೆದು ನಿಂತ. ಬಾಗಿಲಿನ ಆ ಬದಿಯಲ್ಲಿ ಶುಭಾ ಮಾತಾಡುತ್ತಿದ್ದಳು. ಅವಳು ಕೊಂಡ ಅರ್ಧ ಗಂಟೆ ಅದು.

"...ಇವತ್ತೊಂದು ಫೋನ್ ಬಂದಿತ್ತು ಕಣ್ರೀ. ಪರಿಶೀಲನೆ ಮಾಡೋರಂತೆ. ಯಾರೋ ಒಬ್ರು ಸಾರ್. ಎಷ್ಟು ಮರ್ಯಾದೆಯಾಗಿ ಮಾತಾಡ್ಸಿದ್ರು ಗೊತ್ತಾ? ಕೇಳಿದ್ದಕ್ಕೆ ನಾನು ಉತ್ತರ ಮುಗಿಸೋವರೆಗೂ ಸುಮ್ನಿದ್ರು. ಚೆನ್ನಾಗಿ ಹೇಳಿದೀರಿ ಅಂದ್ರು. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಫೋನಿಟ್ಟು ಅಡುಗೆಮನೇಲಿ ಒಬ್ಬಳೇ ನಿಂತ್ಕೊಂಡು ಅತ್ತುಬಿಟ್ಟೆ..."

ಒಂದು ಮಾತೂ ತಪ್ಪಬಾರದೆಂದು ಭಾರ್ಗವ ಉಸಿರು ಬಿಗಿಹಿಡಿದ. ಕೈಯಲ್ಲಿದ್ದ ಬೀಗದ ಕೈ ಸದ್ದು ಮಾಡೀತೆಂದು ಮುಷ್ಟಿ ಕಟ್ಟಿದ. ಮಧ್ಯದ್ದು ಒಂದನ್ನೂ ಬಿಡದೆ, ಕಲ್ಲಿನ ಹಾಗೆ ನಿಂತು ಕೇಳಿದ. ಇಂಥವಳು ತನ್ನ ಮನೆಯಲ್ಲಿದ್ದಾಳೆ ಎಂದು ಎದೆ ತುಂಬಿ ಬಂತು.

ಅವನು ಅಲುಗಾಡದೆ ಇದ್ದುದರಿಂದ ದೀಪ ಆರಿತು.

ಒಳಗೆ ಶುಭಾ ಮಾತು ನಿಲ್ಲಿಸಿದಳು. "ಕೇಳ್ತಿದೀರಾ?" ಎಂದಳು ಫೋನಿನ ಆ ಕಡೆಯವರಿಗೆ.

ಹೊರಗೆ, ಕತ್ತಲಲ್ಲಿ, ಭಾರ್ಗವ ತಲೆಯಾಡಿಸಿದ. ಅಷ್ಟು ಸಣ್ಣ ಚಲನೆ ದೀಪಕ್ಕೆ ಕಾಣಲಿಲ್ಲ.