ನಾಲ್ಕು ಸಾಲು, ಹೆಸರು ಸಮೇತ

ಮೇ 1, 2023, ಸೋಮವಾರ ಮಧ್ಯಾಹ್ನ 2.40. ಸ್ವೀಡನ್‌ನ ವೆಸ್ಟೆರಾಸ್ ಪಟ್ಟಣದ ಚೌಕದಲ್ಲಿ, ಕಾರ್ಮಿಕರ ದಿನದ ಸಭೆಯಲ್ಲಿ, ಮೈಕ್ ಓಲ್ವಿನ್ ಲೋಬೊ ಕೈಗೆ ಬಂತು.

ಕೊಟ್ಟವನು ದೊನಾತೊ, ಇಟಲಿಯ ಲೆಚ್ಚೆಯಿಂದ ಬಂದ ವೆಲ್ಡರ್. ಇಬ್ಬರೂ ಒಂದೇ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯವರು. ಕುಂದಾಪುರದ ಓಲ್ವಿನ್ ಅಲ್ಲಿ ಟೆಸ್ಟ್ ಎಂಜಿನಿಯರ್. ದೊನಾತೊ ಪ್ಲೈವುಡ್‌ನಲ್ಲಿ ತಾನೇ ಮಾಡಿದ ಎರಡು ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳಿಂದ ರೆಗೆ ತಾಳ ಬರುತ್ತಿತ್ತು. ಬೇಸ್ ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು.

ತೊಂಬತ್ತರ ದಶಕದಲ್ಲಿ, ದೊನಾತೊ ಚಿಕ್ಕವನಿದ್ದಾಗ, ಅವನ ಊರಿನ ನಿರುದ್ಯೋಗಿಗಳು ಪಾಳುಬಿದ್ದ ತಂಬಾಕು ಗೋದಾಮೊಂದರ ಬೀಗ ಮುರಿದು ಒಳಗೆ ಸೇರಿಕೊಂಡಿದ್ದರು. ರೆಗೆ ತಾಳ ಹಾಕಿ, ಮಾಲೀಕರನ್ನೂ ಮಂತ್ರಿಗಳನ್ನೂ ಮಾಫಿಯಾವನ್ನೂ ಊರಿನ ಆಡುಮಾತಿನಲ್ಲೇ ರ್‍ಯಾಪ್ ಮಾಡಿ ಬೈಯುತ್ತಿದ್ದರು. ಅವರ ಕಟ್ಟಳೆಯನ್ನು ಅವನು ಇಲ್ಲಿಗೂ ತಂದಿದ್ದ. ಮೈಕ್ ಕೈಯಿಂದ ಕೈಗೆ ಹೋಗುತ್ತದೆ. ಪಡೆದವನು ಮೊದಲು ತನ್ನ ಹೆಸರು, ಕೆಲಸದ ಜಾಗ ಹೇಳಬೇಕು. ಆಮೇಲೆ ಊರಿನ ಮಾತಿನಲ್ಲಿ ನಾಲ್ಕು ಸಾಲು. ಕಣ್ಣಾರೆ ಕಂಡದ್ದು ಮಾತ್ರ. ಹೆಸರು ಹೇಳಿದ ಮೇಲೆ ಮೈಕ್ ವಾಪಸ್ ಕೊಡುವಂತಿಲ್ಲ.

ಓಲ್ವಿನ್ ಕಂಡದ್ದು ಇಷ್ಟು. ಮಾರ್ಚ್ 14ರ ಬೆಳಿಗ್ಗೆ 10.05ಕ್ಕೆ ದೊನಾತೊ ಸುರುಳಿಗಳನ್ನು ಒಣಗಿಸುವ ಕೋಣೆಯೊಳಗೆ ಹೋಗಿದ್ದ. ಬಾಗಿಲು ಮುಚ್ಚಿಕೊಂಡಿತು. ಒಳಗಿನ ತುರ್ತು ಹಿಡಿಕೆ ಕೈಗೆ ಕಿತ್ತು ಬಂತು. ಹೀಟರ್ ತಾನಾಗಿ ಶುರುವಾಗಲು ಹನ್ನೊಂದು ನಿಮಿಷವಿತ್ತು. ಎಂಟನೆಯ ನಿಮಿಷದಲ್ಲಿ ಓಲ್ವಿನ್‌ಗೆ ಬಡಿತ ಕೇಳಿಸಿತು, ಬಾಗಿಲು ತೆಗೆದ. ಹಿಡಿಕೆ ಸಡಿಲವಾಗಿದೆ ಎಂದು ಓಲ್ವಿನ್ ಫೆಬ್ರವರಿಯಲ್ಲೇ ವರದಿ ಕೊಟ್ಟಿದ್ದ. ಕೆಲಸ ಮುಗಿದಿದೆ ಎಂದು ಆ ವರದಿಯನ್ನು ಮುಚ್ಚಿದವರು ವಿಭಾಗದ ಮುಖ್ಯಸ್ಥ, ದಾವಣಗೆರೆಯ ಇಸ್ಹಾಕ್. ಮೇ ತಿಂಗಳು ಬಂದರೂ ಹಿಡಿಕೆಯನ್ನು ವೈರ್ ಸುತ್ತಿ ನಿಲ್ಲಿಸಲಾಗಿತ್ತು.

ಓಲ್ವಿನ್ ಸ್ವೀಡನ್‌ಗೆ ಬಂದು ನಾಲ್ಕು ವರ್ಷ ತುಂಬಲು ಏಳು ವಾರ ಬಾಕಿ. ತುಂಬಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಕೆಲಸ ಇರಬೇಕು, ಕಂಪನಿಯ ಪತ್ರ ಬೇಕು, ಪತ್ರಕ್ಕೆ ಇಸ್ಹಾಕ್ ಸಹಿ ಬೇಕು. ಕೆಲಸ ಹೋದರೆ ಹೊಸದನ್ನು ಹುಡುಕಲು ಮೂರು ತಿಂಗಳು, ಆಮೇಲೆ ದೇಶ ಬಿಡಬೇಕು. ಹೆಂಡತಿ ಡಯಾನಾಳ ಪರವಾನಗಿಯೂ ಅವನದಕ್ಕೇ ಜೋತುಬಿದ್ದಿತ್ತು.

“ಏಳು ವಾರ ಬಾಯಿ ಮುಚ್ಚಿಕೊಂಡಿದ್ರೆ ನಿಂಗೇನಾಗ್ತದೆ?” ಎಂದು ಅವಳು ಬೆಳಿಗ್ಗೆ ಕೇಳಿದ್ದಳು.

“ದೊನಾತೊ ಇನ್ನು ಮೂರು ನಿಮಿಷ ಒಳಗಿದ್ರೆ ಬೆಂದು ಹೋಗ್ತಿದ್ದ, ಡಯಾನಾ.”

“ಅವನ ಹತ್ರ ಇಟಲಿ ಪಾಸ್‌ಪೋರ್ಟ್ ಉಂಟು ಮಾರಾಯಾ. ಕೆಲಸ ಹೋದ್ರೂ ಇಲ್ಲೇ ಇರ್ತಾನೆ. ನಾವು?”

“ಕನ್ನಡದಲ್ಲಿ ಹೇಳ್ತೇನೆ. ಇಸ್ಹಾಕ್ ಭಾಯ್ ಅಲ್ಲಿಗೆಲ್ಲ ಬರುದಿಲ್ಲ, ಬೇರೆ ಯಾರಿಗೆ ಅರ್ಥ ಆಗ್ತದೆ?”

ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೂ ಬಂದಳು, ಈಗ ಸೈಕಲ್ ಸ್ಟ್ಯಾಂಡ್ ಪಕ್ಕ ಕೈ ಕಟ್ಟಿ ನಿಂತಿದ್ದಳು.

ಚೌಕದಲ್ಲಿ ಸುಮಾರು ಇನ್ನೂರು ಜನರಿದ್ದರು, ಅರ್ಧದಷ್ಟು ಕಾರ್ಖಾನೆಯವರೇ. ಓಲ್ವಿನ್ ಹೆಸರು ಹೇಳಿದ. ಕಾರ್ಖಾನೆಯ ಹೆಸರು ಹೇಳಿದ. ತಲೆ ಎತ್ತಿದಾಗ ಯೂನಿಯನ್ ಬಾವುಟದ ಹಿಂದೆ, ಕೈಯಲ್ಲಿ ಕಾಫಿ ಕಪ್ ಹಿಡಿದ ಇಸ್ಹಾಕ್ ಕಂಡರು.

ಎಡಕ್ಕೆ ದೊನಾತೊ, ಬಲಕ್ಕೆ ಸ್ಪೀಕರ್ ಪೆಟ್ಟಿಗೆ, ಮುಂದೆ ಜನ. ತಾಳ ಎರಡು ಸುತ್ತು ಖಾಲಿ ಹೋಯಿತು. ಮೂರನೆಯ ಸುತ್ತಿಗೆ ಅವನು ಶುರುಮಾಡಿದ:

“ಮಾರ್ಚ್ ಹದಿನಾಲ್ಕು, ಹತ್ತು ಗಂಟೆ ಹೊತ್ತು,
ದೊನಾತೊ ತೋರ್ಕುಗ್ನಲ್ಲಿ, ನೋದ್‌ಹಂಡ್‌ತಾಗ್ ಕೈಗೆ ಕಿತ್ತು!
ಫೆಬ್ರವರೀಲೇ ಕೊಟ್ಟಿದ್ದೆ ನಾನು ರಪ್ಪೋರ್ಟು,
ಕ್ಲಾರ್ ಅಂತ ಮುಚ್ಚಿದ್ರು, ವೈರೇ ಅದಕ್ಕೆ ಸಪೋರ್ಟು!”

ಒಣಗಿಸುವ ಕೋಣೆಗೆ ಕಾರ್ಖಾನೆಯ ಸ್ವೀಡಿಷ್‌ನಲ್ಲಿ ತೋರ್ಕುಗ್ನ್ ಎನ್ನುತ್ತಾರೆ, ತುರ್ತು ಹಿಡಿಕೆಗೆ ನೋದ್‌ಹಂಡ್‌ತಾಗ್, ಮುಗಿದ ಕೆಲಸಕ್ಕೆ ಕ್ಲಾರ್. ಓಲ್ವಿನ್ ಈ ವಸ್ತುಗಳನ್ನು ಮೊದಲು ನೋಡಿದ್ದೇ ಸ್ವೀಡನ್‌ನಲ್ಲಿ. ಅವನ ಕನ್ನಡದಲ್ಲೂ ಅವಕ್ಕೆ ಬೇರೆ ಹೆಸರಿರಲಿಲ್ಲ. ಬರೆಯುವಾಗ ಅದು ಅವನ ಗಮನಕ್ಕೇ ಬಂದಿರಲಿಲ್ಲ.

ಮೂರನೆಯ ಸಾಲಿನಲ್ಲಿದ್ದ ಕ್ರೇನ್ ನಡೆಸುವ ಹೆಂಗಸು “ನೋದ್‌ಹಂಡ್‌ತಾಗ್!” ಎಂದು ಕೂಗಿದಳು. ಅವಳ ಪಕ್ಕದವರು ಕೂಗಿದರು. ದೊನಾತೊ ತಾಳ ನಿಲ್ಲಿಸಿ, ಆ ಒಂದು ಪದಕ್ಕೆ ಜಾಗ ಬಿಟ್ಟು, ಮತ್ತೆ ಹಾಕಿದ. ನಾಲ್ಕನೆಯ ಸಲ ಚೌಕವಿಡೀ ಕೂಗುತ್ತಿತ್ತು. ಡಯಾನಾ ಮುಖ ತಿರುಗಿಸಿಕೊಂಡಳು.

3.15ಕ್ಕೆ ಸ್ಪೀಕರ್ ವೈರ್ ಸುತ್ತಿಡುತ್ತಿದ್ದ ಓಲ್ವಿನ್ ಬಳಿಗೆ ಇಸ್ಹಾಕ್ ಬಂದರು.

“ಕನ್ನಡದಲ್ಲೇ ಹೇಳಿದ್ದು ಭಾಯ್,” ಎಂದ ಓಲ್ವಿನ್.

“ಅದ್ರಲ್ಲಿ ಕನ್ನಡ ಎಷ್ಟಿತ್ತು ಗುರು? ನನ್ನ ಮಗಳು ಇಲ್ಲಿಯ ನರ್ಸರಿಯಿಂದ ಬಂದು ಇದಕ್ಕಿಂತ ಜಾಸ್ತಿ ಕನ್ನಡ ಮಾತಾಡ್ತಾಳೆ.”

“ನಿಮ್ಮ ಹೆಸರು ಎತ್ಲಿಲ್ಲ.”

“ಎತ್ತೋದೇನು ಬಂತು? ಕ್ಲಾರ್ ಅಂತ ಒತ್ತಿದ್ದು ಯಾರು ಅಂತ ಸಿಸ್ಟಮ್‌ನಲ್ಲೇ ಇದೆ. ನಾಳೆ ಬೆಳಿಗ್ಗೆ ಎಲ್ರೂ ಓಪನ್ ಮಾಡಿ ನೋಡ್ತಾರೆ.” ಇಸ್ಹಾಕ್ ದನಿ ತಗ್ಗಿಸಿದರು. “ಡೆಲಿವರಿ ಇತ್ತು, ಮೇಲಿನವರು ಒತ್ತು ಅಂದ್ರು, ಒತ್ತಿದೆ. ನನ್ನ ಕಾಯಂ ವಾಸದ ಅರ್ಜಿನೂ ಇನ್ನೂ ತೀರ್ಮಾನ ಆಗಿಲ್ಲ ಕಣೋ. ಮೂರು ಜನ ಇದೀವಿ ಮನೇಲಿ.”

“ದೊನಾತೊ ಒಳಗಿದ್ದ, ಭಾಯ್.”

“ಗೊತ್ತು.”

“ಹಾಗಾದ್ರೆ ನನ್ನ ಪತ್ರ?”

ಇಸ್ಹಾಕ್ ಖಾಲಿ ಕಾಗದದ ಕಪ್ಪನ್ನು ಮಡಿಚಿ ಕೋಟಿನ ಜೇಬಿಗೆ ಹಾಕಿಕೊಂಡರು. “ನೋಡೋಣ,” ಎಂದು ನಿಲ್ದಾಣದ ಕಡೆ ನಡೆದರು.

ಬುಧವಾರ, ಮೇ 3, ಬೆಳಿಗ್ಗೆ 7.15ಕ್ಕೆ ಒಣಗಿಸುವ ಕೋಣೆಗೆ ಹೊಸ ಹಿಡಿಕೆ ಜೋಡಿಸಲಾಯಿತು. ನಾಲ್ಕು ವರ್ಷ ತುಂಬಿದ ಜೂನ್ 19ರಂದು ಓಲ್ವಿನ್‌ನ ಪತ್ರ ಸಹಿಯಿಲ್ಲದೆ ಇಸ್ಹಾಕ್ ಮೇಜಿನ ಮೇಲಿತ್ತು.