ಹದಿಮೂರನೆಯ ಚೌಕ

ಆಯ್ಕೆ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿ ಒಂದು ಗಂಟೆಯೂ ಆಗಿರಲಿಲ್ಲ, ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇನ್ನೂರು ಮೀಟರ್ ಓಟಕ್ಕೆ ನಾಲ್ವರು ಹುಡುಗಿಯರು. ಮೊದಲನೆಯವಳು ನನ್ನ ತಂಗಿ. ಸರಾಸರಿ 27.93 ಸೆಕೆಂಡು.

ಮೈದಾನದ ಆಫೀಸಿನಲ್ಲಿ ನನ್ನ ಕೆಲಸ ಇಷ್ಟೇ: ಕೋಚ್ ಚೀಟಿಯಲ್ಲಿ ಬರೆದುಕೊಟ್ಟ ಸಮಯವನ್ನು ಕಂಪ್ಯೂಟರಿನ ಶೀಟಿಗೆ ತುಂಬುವುದು. ಇಪ್ಪತ್ತು ಬೆಳಗಿನ ಓಟ, ಇಪ್ಪತ್ತು ಚೌಕ. ಎಲ್ಲವನ್ನೂ ಕೂಡಿಸಿ ಇಪ್ಪತ್ತರಿಂದ ಭಾಗಿಸಿದರೆ ಸರಾಸರಿ. ಆ ಸೂತ್ರವನ್ನು ಕೋಚ್ ಅವರೇ ಹಾಕಿಕೊಟ್ಟಿದ್ದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ನಾನು ಅದನ್ನು ಮುಟ್ಟಲು ಹೆದರುತ್ತಿದ್ದೆ.

ಆದರೆ ಚೀಟಿಗಳೆಲ್ಲ ನನ್ನ ಕಣ್ಣಲ್ಲೇ ಇದ್ದವು. ತಂಗಿ ಒಂದು ದಿನವೂ 28.90ಕ್ಕಿಂತ ಬೇಗ ಓಡಿದವಳಲ್ಲ. ಅತಿ ಚೆನ್ನಾಗಿ ಓಡಿದ ದಿನಕ್ಕಿಂತಲೂ ಸರಾಸರಿ ಚೆನ್ನಾಗಿರುವುದು ಹೇಗೆ?

ಅವಳ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋದೆ. ಹದಿಮೂರನೆಯ ಚೌಕದಲ್ಲಿ ಸೊನ್ನೆ. ಅವತ್ತು ಅವಳಿಗೆ ಜ್ವರ ಬಂದಿತ್ತು. ಚೀಟಿಯಲ್ಲಿ ‘ಓಡಿಲ್ಲ’ ಎಂದಿತ್ತು. ಅದನ್ನೇ ಬರೆದಾಗ ಸರಾಸರಿಯ ಜಾಗದಲ್ಲಿ ಎರರ್ ಬಂತು. ಸೊನ್ನೆ ಹಾಕಿದೆ, ಎರರ್ ಮಾಯವಾಯಿತು. ಬದುಕಿದೆ ಅಂದುಕೊಂಡಿದ್ದೆ. ಓಟದಲ್ಲಿ ಸೊನ್ನೆ ಸೆಕೆಂಡು ಎಂದರೆ ಹೊರಡುವ ಮೊದಲೇ ಗುರಿ ಮುಟ್ಟಿದಂತೆ ಎಂಬುದು ಹೊಳೆದೇ ಇರಲಿಲ್ಲ.

ಐದನೆಯವಳಾಗಿ ಹೊರಗುಳಿದವಳು ಕಾವಲುಗಾರನ ಮಗಳು. ತೆಳ್ಳಗಿದ್ದಾಳೆಂದು ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಾರೆ. ಅವಳದು 28.60. ಪಟ್ಟಿ ನೋಡಿದ ಮೇಲೆ ಅವಳು ಮೆಟ್ಟಿಲ ಮೇಲೆ ಕೂತು, ಸರಿಯಾಗಿಯೇ ಇದ್ದ ಶೂ ದಾರವನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದಳು. ಕಿಟಕಿಯಿಂದ ಕಾಣುತ್ತಿತ್ತು.

ತಂಗಿ ನೀರು ಕುಡಿಯಲು ಒಳಗೆ ಬಂದಳು. ಅಮ್ಮನಿಗೆ ಫೋನ್ ಹೋಗಿತ್ತು, ಅಮ್ಮ ಬೀದಿಗೆಲ್ಲ ಡಂಗುರ ಹೊಡೆದಾಗಿತ್ತು. ನಾನು ಪರದೆ ತೋರಿಸಿ, ತೊದಲುತ್ತ, ಆದದ್ದನ್ನು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ನಂಗೂ ಅನ್ನಿಸ್ತು ಕಣೇ ಅಕ್ಕ,” ಎಂದಳು. “ನನ್ ಕಾಲು ನಂಗೆ ಗೊತ್ತಿಲ್ವಾ? ಆದ್ರೆ ಯಾರೂ ಕೇಳಿಲ್ಲ. ನೀನೂ ಸುಮ್ನಿರು. ಹುಟ್ಟಿದಾಗಿಂದ ಸುಮ್ನೇ ಇದ್ದೀಯ, ಇವತ್ತೊಂದಿನ ಕಷ್ಟನಾ?”

ನಗುತ್ತಲೇ ಅಂದಳು. ತುಂಬಿಸಿಕೊಂಡ ಲೋಟದ ನೀರನ್ನು ಮಾತ್ರ ಕುಡಿಯದೆ ಮೇಜಿನ ಮೇಲಿಟ್ಟಳು.

ಅವಳು ಹೋದ ಮೇಲೆ ಮೇಜಿಗೂ ಬಾಗಿಲಿಗೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ನಾಲ್ಕು ಗಂಟೆಗೆ ಪಟ್ಟಿ ಮೇಲಿನ ಆಫೀಸಿಗೆ ಹೋಗಬೇಕು. ಆಗಲೇ ಮೂರೂಕಾಲು. ಸೊನ್ನೆ ಅಳಿಸಿ ಚೌಕವನ್ನು ಖಾಲಿ ಬಿಟ್ಟೆ. ಸರಾಸರಿ ಅಲ್ಲಾಡಲಿಲ್ಲ. ಅದೇ 27.93. ಹತ್ತೊಂಬತ್ತೇ ಓಟ ಕೂಡಿಸಿದರೂ ಸೂತ್ರ ಇಪ್ಪತ್ತರಿಂದಲೇ ಭಾಗಿಸುತ್ತಿತ್ತು. ಅದಕ್ಕೆ ಖಾಲಿಯೂ ಒಂದೇ, ಸೊನ್ನೆಯೂ ಒಂದೇ.

ಒಂದು ಗಳಿಗೆ ಹಾಯೆನಿಸಿತು. ನಾನು ತಿದ್ದಿದೆ, ಕಂಪ್ಯೂಟರ್ ಕೇಳಲಿಲ್ಲ, ನನ್ನದೇನು ತಪ್ಪು? ಹಾಗೆಂದುಕೊಂಡು ಕೂತರೆ ಕೂತಲ್ಲೆಲ್ಲ ಮುಳ್ಳು. ಎದ್ದೆ, ಮತ್ತೆ ಕೂತೆ.

ಕೊನೆಗೆ ಕೋಚ್ ಹಾಕಿದ್ದ ಸೂತ್ರವನ್ನೇ ಅಳಿಸಿ, ಶೀಟಿನೊಳಗೇ ಇರುವ ಆವರೇಜ್ ಸೂತ್ರವನ್ನು ಹಾಕಿದೆ. ಅದು ತುಂಬಿದ ಚೌಕಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ, ಖಾಲಿಯನ್ನು ದಾಟಿ ಹೋಗುತ್ತದೆ. 29.40. ಕಡ್ಡಿ ನಾಲ್ಕನೆಯವಳಾದಳು. ತಂಗಿ ನಾಲ್ವರಿಂದ ಹೊರಬಿದ್ದಳು.

ಹಳೆಯ ಶೀಟು, ತಿದ್ದಿದ ಶೀಟು ಎರಡನ್ನೂ ಅಚ್ಚು ತೆಗೆದು ಕೋಚ್ ಮುಂದೆ ಚಾಚಿ, ಹದಿಮೂರನೆಯ ಚೌಕ ತೋರಿಸಿದೆ. ಅವರು ಚೀಟಿಗಳನ್ನು ತರಿಸಿಕೊಂಡು ತಾವೇ ಕೂಡಿಸಿ ನೋಡಿದರು. ಸೂತ್ರ ಹಾಕುವಾಗ ಯಾರಾದರೂ ಒಂದು ದಿನ ಓಡದಿದ್ದರೆ ಏನು ಎಂದು ತಾವೂ ಯೋಚಿಸಲಿಲ್ಲ ಎಂದು ಗೊಣಗಿದರು. ಆಮೇಲೆ ಕನ್ನಡಕ ತೆಗೆದರು.

“ನಿನ್ ತಂಗಿ ಅಲ್ವೇನಮ್ಮ ಇವಳು?”

“ಹೌದು ಸರ್.”

“ನಾನು ಹೇಳ್ಲಾ ಅವಳಿಗೆ?”

“ಬೇಡ ಸರ್. ನಾನೇ ಹೇಳ್ತೀನಿ.”

ಹೊಸ ಪಟ್ಟಿ ಅಂಟಿಸಿ ಮೈದಾನಕ್ಕಿಳಿದೆ. ತಂಗಿ ಒಬ್ಬಳೇ ಓಡುತ್ತಿದ್ದಳು. ತಿರುವಿನಲ್ಲಿ ಅವಳ ಕಣ್ಣು ನನ್ನ ಮುಖದ ಮೇಲೆ ಬಿತ್ತು, ಅಷ್ಟೇ ಸಾಕಾಯಿತು. ಹತ್ತಿರ ಬಂದಳು, ನಿಲ್ಲಲಿಲ್ಲ. ನನ್ನ ದುಪಟ್ಟಾ ಹಾರುವಷ್ಟು ಹತ್ತಿರದಿಂದ ದಾಟಿ ಹೋದಳು. ಇನ್ನೊಂದು ಸುತ್ತು ಬಂದಳು, ಆಗಲೂ ನಿಲ್ಲಲಿಲ್ಲ. ಬಿಳಿ ಗೆರೆಯ ಹೊರಗೆ ನಾನು ನಿಂತೇ ಇದ್ದೆ.